ಮಂಜು ಇಳಿದಾಗ ಏಳುವ ಸೇತುವೆ

ಮೇಜಿನ ಮೇಲಿದ್ದ ಪುಟ್ಟ ಸೇತುವೆ ಸದ್ದಿಲ್ಲದೆ ಮೇಲೇಳತೊಡಗಿತು.

ಅದನ್ನು ಏಳಿಸುವ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಎರಡೂ ಬದಿಯ ಗೇಟುಗಳು ತೆರೆದೇ ಇದ್ದವು. ತೋಳುದ್ದದ ಆ ಮಾದರಿ ಸೇತುವೆ ನಡುವೆ ಬಿರಿದು, ನಿದ್ದೆಗಣ್ಣಲ್ಲಿ ಮೈ ಮುರಿಯುವವರ ಹಾಗೆ ಎರಡೂ ಕೈಗಳನ್ನು ನಿಧಾನವಾಗಿ ಗಾಳಿಗೆ ಎತ್ತಿತು.

"ಏನಾದ್ರೂ ಮುಟ್ಟಿದ್ರಾ?" ಎಲ್ಲರೂ ಉಸ್ತಾದ್ ಎನ್ನುವ ಹಿರಿಯ ಇಂಜಿನಿಯರ್ ಕೇಳಿದರು.

"ಮಂಜಿನ ಸ್ವಿಚ್ಚು. ಅದೊಂದೇ."

"ಆ ಸ್ವಿಚ್ಚಿಗೂ ಸೇತುವೆ ಏಳೋದಕ್ಕೂ ಸಂಬಂಧವೇ ಇಲ್ಲ ಮೇಡಂ. ಅದು ಹಳದಿ ದೀಪ ಹಚ್ಚೋದಕ್ಕೆ, ಸೈರನ್ ಊದೋದಕ್ಕೆ. ಅಷ್ಟೇ."

"ನನಗೂ ಹಾಗೇ ಹೇಳಿದ್ರು. ಸೇತುವೆಗೆ ಮಾತ್ರ ಯಾರೂ ಹೇಳಿಲ್ಲ ಅಂತ ಕಾಣುತ್ತೆ."

ಉಸ್ತಾದ್ ನಗಲಿಲ್ಲ. ಸೇತುವೆ ಎದ್ದಾಗಲೆಲ್ಲ ಪಕ್ಕದ ಪರದೆಯ ಮೇಲೆ ಹಸಿರು ಅಕ್ಷರದ ಒಂದು ಸಾಲು ಮೂಡಬೇಕು. ಅವರು ಆ ಪರದೆಯನ್ನೇ ನೋಡುತ್ತ ನಿಂತರು. ಸಾಲು ಮೂಡಲಿಲ್ಲ. ಸೇತುವೆ ಎದ್ದು ನಿಂತಿತ್ತು, ಆದರೆ ಎದ್ದ ಸುದ್ದಿ ಎಲ್ಲೂ ದಾಖಲಾಗಲಿಲ್ಲ.

ಹೋದ ವಾರ ಬಂದರಿನ ಕಾಲುವೆಯ ದೊಡ್ಡ ಸೇತುವೆ ಹೀಗೇ ತಾನಾಗಿ ಎದ್ದು, ಅದರ ಮೇಲೆ ನಡೆದು ಹೋಗುತ್ತಿದ್ದ ಕಾವಲುಗಾರನನ್ನು ಉರುಳಿಸಿ ಕಾಲು ಮುರಿದಿತ್ತು. ತಪ್ಪು ಪೂರ್ತಿಯಾಗಿ, ಸೇತುವೆಯ ಪ್ರೋಗ್ರಾಂ ಬರೆಯುವ ಎಳೆಯ ಇಂಜಿನಿಯರ್ ಹುಡುಗಿಯ ತಲೆಗೆ ಬಂದಿತ್ತು. ಅವಳನ್ನು ಕೆಲಸದಿಂದ ಹೊರಗೆ ಇಟ್ಟಿದ್ದರು.

ಈಗ ಮಂಜಿನ ಸ್ವಿಚ್ಚು ಒತ್ತಿದವಳು ಆ ಹುಡುಗಿಯ ಚಿಕ್ಕಮ್ಮ. ವಿಮಾ ಕಂಪನಿಗಳಿಗಾಗಿ ಸುಳ್ಳು ಅಪಘಾತಗಳನ್ನು ಪತ್ತೆ ಹಚ್ಚುತ್ತ ತಲೆ ನರೆಸಿಕೊಂಡವಳು. ಅಕ್ಕನ ಮಗಳು ಕರೆದಂತೆ ಈಗ ಅರ್ಧ ಊರೇ ಅವಳನ್ನು ಚಿಕ್ಕಮ್ಮ ಎನ್ನುತ್ತಿತ್ತು. ಅವಳೂ ಅಡ್ಡಿ ಹೇಳಿರಲಿಲ್ಲ. ಚಿಕ್ಕಮ್ಮನ ಮುಂದೆ ಜನ ಬಾಯಿ ಬಿಡುವಷ್ಟು ಬೇಗ ಪತ್ತೇದಾರಿಣಿಯ ಮುಂದೆ ಬಿಡುವುದಿಲ್ಲ.

ಹುಡುಗಿ ಕೆಲಸ ಮಾಡುತ್ತಿದ್ದ ಕಂಪನಿಯ ಈ ಪ್ರಯೋಗಶಾಲೆ ಒಂದು ಕಾಲದಲ್ಲಿ ಹಡಗಿನ ಹಾಯಿ ಹೊಲಿಯುತ್ತಿದ್ದ ಅಟ್ಟ. ಉದ್ದಕ್ಕೂ ಕಿಟಕಿ. ಕಿಟಕಿಯಾಚೆ ಈಗ ಏನೂ ಇರಲಿಲ್ಲ. ಕಾಲುವೆ, ದೋಣಿಗಳು, ಎದುರು ದಂಡೆಯ ಮನೆಗಳು ಎಲ್ಲವನ್ನೂ ಬಿಳಿ ಮಂಜು ಒಂದೊಂದಾಗಿ ಒರೆಸಿ ಹಾಕುತ್ತಿತ್ತು. ನಡುಹಗಲಲ್ಲೂ ಒಳಗೆ ಹಾಲಿನಂಥ ಬೆಳಕು. ಕಪಾಟುಗಳ ಮೇಲೆ ಹಸಿರು ಬೋರ್ಡುಗಳಲ್ಲಿ ಚಿಕ್ಕ ಚಿಕ್ಕ ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಚಿಕ್ಕಮ್ಮನಿಗೆ ತಾನು ಯಾರದೋ ಕನಸಿನೊಳಗೆ ಚಪ್ಪಲಿ ಬಿಟ್ಟು ನಡೆಯುತ್ತಿದ್ದೇನೆ ಅನ್ನಿಸಿತು.

ಮಂಜಿನ ಸ್ವಿಚ್ಚು ಒತ್ತುವ ಯೋಚನೆ ಅವಳಿಗೆ ಬಂದದ್ದು ಬೆಳಿಗ್ಗೆ ಆಸ್ಪತ್ರೆಯಲ್ಲಿ.

"ಅದು ಮೊದಲ ಸಲ ಅಲ್ಲಮ್ಮ," ಎಂದಿದ್ದ ಸೇತುವೆ ಕಾವಲುಗಾರ. ಕಟ್ಟು ಹಾಕಿದ ಕಾಲು ದಿಂಬಿನ ಮೇಲಿತ್ತು. "ಮಂಜು ಬಿದ್ದಾಗ ಎಷ್ಟೋ ಸಲ ಎದ್ದಿದೆ. ಕ್ಯಾಬಿನ್ನಿನಲ್ಲಿ ಕೂತಿರ್ತೀನಿ, ಏನೂ ಕಾಣಲ್ಲ. ಕಬ್ಬಿಣ ನರಳಿದ ಹಾಗೆ ಕೇಳುತ್ತೆ. ಆಮೇಲೆ ನೀರು ಸರಿದ ಸದ್ದು. ಏನೋ ದೊಡ್ಡದು ಕೆಳಗೆ ಹಾದು ಹೋದ ಹಾಗೆ. ಪರದೆ ನೋಡಿದ್ರೆ ಸೇತುವೆ ಕದಲೇ ಇಲ್ಲ ಅನ್ನುತ್ತೆ."

"ಯಾರಿಗೂ ಹೇಳ್ಲಿಲ್ವಾ?"

"ಹೇಳ್ದೆ. ತೂಕಡಿಸಿ ಕನಸು ಕಂಡಿದ್ದೀಯ ಅಂದ್ರು. ಹೆಂಡತಿನೂ ಅದನ್ನೇ ಅಂದ್ಲು. ಹತ್ತು ಜನ ಒಂದೇ ಮಾತು ಅಂದ್ರೆ ನಮಗೂ ಹಾಗೇ ಅನ್ಸೋಕೆ ಶುರುವಾಗುತ್ತೆ ನೋಡಿ. ಅವತ್ತು, ಇದು ಕನಸೋ ನಿಜವೋ ನೋಡೇ ಬಿಡೋಣ ಅಂತ ನಡೆದು ಹೋದೆ." ಅವನು ತನ್ನ ಕಾಲನ್ನು ನೋಡಿಕೊಂಡ. "ನಿಜ."

ಚಿಕ್ಕಮ್ಮ ಮಾದರಿ ಸೇತುವೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಅದು ಬಗ್ಗಲಿಲ್ಲ.

"ಇದು ಕೆಟ್ಟು ಎದ್ದಿದ್ದಲ್ಲ ಉಸ್ತಾದರೇ. ಕರೆದದ್ದಕ್ಕೆ ಎದ್ದದ್ದು. ಮಂಜಿನಲ್ಲಿ ಯಾರದೋ ಎತ್ತರದ ದೋಣಿ ಯಾರ ಕಣ್ಣಿಗೂ ಬೀಳದೆ, ಯಾವ ಲೆಕ್ಕಕ್ಕೂ ಸಿಗದೆ ಒಳಗೆ ಬರಬೇಕು. ಕಾವಲುಗಾರ ಅಡ್ಡ ಬಂದದ್ದು ಅವನ ಗ್ರಹಚಾರ."

"ಆದ್ರೆ ಕೋಡಿನಲ್ಲಿ ಅಂಥದ್ದು ಏನೂ ಇಲ್ಲ!" ಉಸ್ತಾದ್ ಮೊದಲ ಬಾರಿಗೆ ದನಿ ಏರಿಸಿದರು. "ಅಕ್ಷರ ಅಕ್ಷರ ಓದಿದ್ದೀನಿ. ಗೇಟು ಮುಚ್ಚಿದೆಯಾ ಅಂತ ನೋಡದೆ ಏಳಬೇಡ ಅಂತ ಸ್ಪಷ್ಟವಾಗಿ ಬರೆದಿದೆ."

"ಹಾಗಾದ್ರೆ ಓದಿದ್ದೊಂದು, ನಡೆದದ್ದೊಂದು. ಅದು ಹ್ಯಾಗೆ?"

ಉಸ್ತಾದ್ ಸೀದಾ ಮೂಲೆಗೆ ಹೋಗಿ, ಹೊದಿಕೆ ಹೊದ್ದು ಕೂತಿದ್ದ ಹಳೆಯ ಕಂಪ್ಯೂಟರಿನ ಹೊದಿಕೆ ತೆಗೆದರು. ಅದು ಅವರೇ ಎಷ್ಟೋ ವರ್ಷಗಳ ಹಿಂದೆ ಕೈಯಾರೆ ಸಿದ್ಧ ಮಾಡಿದ್ದ ಯಂತ್ರ. ಯಾವ ನೆಟ್ಟೂ ಇಲ್ಲ, ಬೇರೆ ಯಾರೂ ಅದನ್ನು ಮುಟ್ಟುವಂತೆಯೂ ಇಲ್ಲ. ಅದೇ ಕೋಡನ್ನು ಪೆನ್‌ಡ್ರೈವಿನಲ್ಲಿ ತಂದು ಅಲ್ಲಿ ಪ್ರೋಗ್ರಾಂ ಬಿಲ್ಡ್ ಮಾಡಿ, ಸೇತುವೆಯ ಬೋರ್ಡಿಗೆ ತುಂಬಿದರು.

ಚಿಕ್ಕಮ್ಮ ಮಂಜಿನ ಸ್ವಿಚ್ಚು ಒತ್ತಿದಳು. ಹಳದಿ ದೀಪ ಹತ್ತಿತು. ಪುಟ್ಟ ಸೈರನ್ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು.

ಸೇತುವೆ ಮಲಗಿಯೇ ಇತ್ತು.

"ನೋಡಿದ್ರಾ?" ಉಸ್ತಾದರ ಮುಖದಲ್ಲಿ ಎಂಥದೋ ಕಳೆ ಬಂತು. "ಕೋಡು ಒಂದೇ. ಬಿಲ್ಡ್ ಮಾಡಿದ ಯಂತ್ರ ಬೇರೆ. ನಾವು ಬರೆಯೋ ಕೋಡು ಬೋರ್ಡಿಗೆ ಅರ್ಥ ಆಗಲ್ಲ ಮೇಡಂ. ಕಂಪೈಲರ್ ಅನ್ನೋ ಸಾಧನ ಅದನ್ನ ಬೋರ್ಡಿನ ಭಾಷೆಗೆ ತಿರುಗಿಸಬೇಕು. ಅಳತೆ ಎಷ್ಟೇ ಸರಿಯಾಗಿ ಬರ್ಕೊಂಡ್ರೂ ದರ್ಜಿಯ ಟೇಪೇ ಎಳೆದು ಉದ್ದ ಆಗಿದ್ರೆ ಅಂಗಿ ಏನಾಗುತ್ತೆ? ಮೊದಲು ಬಿಲ್ಡ್ ಮಾಡಿದ್ದು ಅಲ್ಲಿರೋ ಹೊಸ ಯಂತ್ರದಲ್ಲಿ, ಅದರ ಕಂಪೈಲರ್ ಸರಿ ಇಲ್ಲ. ಅದನ್ನ ಅಲ್ಲಿ ತಂದಿಟ್ಟದ್ದು ಯಾರು? ನಿಮ್ಮ ಹುಡುಗಿಯ ಅಣಿ!"

ಅಣಿಯ ಕಥೆ ಚಿಕ್ಕಮ್ಮನಿಗೆ ಬಾಯಿಪಾಠವಾಗಿತ್ತು. ಮೊದಲೆಲ್ಲ ಇಲ್ಲಿ ಹೊಸಬರು ಸೇರಿದರೆ, ಕಂಪ್ಯೂಟರನ್ನು ಕೆಲಸಕ್ಕೆ ಸಜ್ಜು ಮಾಡಿಕೊಳ್ಳುವುದರಲ್ಲೇ ದಿನಗಟ್ಟಲೆ ಹೋಗುತ್ತಿತ್ತಂತೆ. ಈ ಕಂಪೈಲರ್ ಬೇಕು, ಅದರ ಇದೇ ಆವೃತ್ತಿ ಬೇಕು, ಆ ಲೈಬ್ರರಿ ಇದೇ ಫೋಲ್ಡರಿನಲ್ಲಿರಬೇಕು, ಅದರ ದಾರಿ ಇನ್ನೆಲ್ಲೋ ಬರೆದಿರಬೇಕು. ಒಂದು ಹೆಚ್ಚುಕಮ್ಮಿಯಾದರೂ ಪರದೆ ತುಂಬ ಕೆಂಪು ಅಕ್ಷರ. ಆಗ ಉಸ್ತಾದರ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಅವರು ಕಾಫಿ ಕುಡಿದು, ಕನ್ನಡಕ ಒರೆಸಿ, ಒಂದು ನಿಟ್ಟುಸಿರು ಬಿಟ್ಟ ಮೇಲೆ ಎದ್ದು ಬಂದು ಸರಿ ಮಾಡುತ್ತಿದ್ದರು.

ಹುಡುಗಿ ಆ ಗೋಜಲನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿದಳು. ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಸ್ಕ್ರಿಪ್ಟ್ ಬರೆದಳು. ಎಲ್ಲವನ್ನೂ ಕೂಗಿ ಕರೆದು ಕೆಲಸಕ್ಕೆ ಹಚ್ಚುವ ದೊಡ್ಡ ಸ್ಕ್ರಿಪ್ಟಿಗೆ ಅಣಿ ಎಂದು ಹೆಸರಿಟ್ಟಳು. ಖಾಲಿ ಕಂಪ್ಯೂಟರಿನಲ್ಲಿ ಅದೊಂದು ಪದ ಟೈಪ್ ಮಾಡಿದರೆ ಸಾಕು. ಬೇಕಾದ್ದನ್ನೆಲ್ಲ ಸರ್ವರಿನಿಂದ ತಾನೇ ತಂದು, ತಾನೇ ಜೋಡಿಸಿ, ಕೊನೆಗೆ 'ಎಲ್ಲ ಅಣಿಯಾಗಿದೆ, ಕೂತ್ಕೊಳ್ಳಿ' ಎಂದು ಬರೆಯುತ್ತಿತ್ತು.

ಅಲ್ಲಿಂದ ಉಸ್ತಾದರ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ.

ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಅವರೆದುರಿಗೇ ಕೂತಳು.

"ಅಣಿಯನ್ನ ಕಂಡ್ರೆ ನಿಮಗೆ ಹೊಟ್ಟೆ ಉರಿ ಅಲ್ವಾ?"

"ಯಾರು ಹೇಳಿದ್ದು?"

"ಎಲ್ಲರೂ. ಕಾಫಿ ಕೊಡೋರೂ ಹೇಳಿದ್ರು."

"ಇಷ್ಟ ಇರಲಿಲ್ಲ, ನಿಜ. ಒಳಗೆ ಏನು ನಡೀತಿದೆ ಅಂತ ತಿಳಿಯದೆ ಒಂದು ಪದ ಕುಟ್ಟಿ ಕೂರೋದು ಒಂದು ಕೆಲಸವಾ?"

"ಅಣಿ ಕಂಪೈಲರ್ ತರೋದು ಸರ್ವರಿನಿಂದ. ಆ ಸರ್ವರಿನ ಬೀಗದ ಕೈ ಇರೋದು ನಿಮ್ಮ ಹತ್ತಿರ."

"ನನ್ನ ಹತ್ತಿರ, ಹುಡುಗಿ ಹತ್ತಿರ."

"ಹುಡುಗಿ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಳ್ಳಲ್ಲ. ಉಳಿದವರು ಯಾರು?"

ಉಸ್ತಾದರ ಕುತ್ತಿಗೆಯ ನರ ಉಬ್ಬಿತು. "ಒಬ್ಬ ಬಡಪಾಯಿಯ ಕಾಲು ಮುರಿಯೋಷ್ಟು ಕೆಳಗೆ ಇಳಿದಿಲ್ಲ ನಾನು!"

"ಕಾಲು ಮುರಿಯುತ್ತೆ ಅಂತ ಗೊತ್ತಿರಲಿಕ್ಕಿಲ್ಲ. ಹುಡುಗಿಯ ಸ್ಕ್ರಿಪ್ಟು ಒಂದು ಸಲ ಎಡವಿದರೆ ಸಾಕು, ಎಲ್ಲರೂ ಮತ್ತೆ ನಿಮ್ಮ ಮೇಜಿನ ಮುಂದೆ ಬರ್ತಾರೆ ಅಂದುಕೊಂಡಿರಬಹುದು."

ಮಂಜು ಕಿಟಕಿಯ ಗಾಜಿಗೆ ಬಂದು ಆತುಕೊಂಡಿತ್ತು. ಕೆಳಗೆ ಎಲ್ಲೋ ಒಂದು ಸೈಕಲ್ಲಿನ ಗಂಟೆ ಕೇಳಿಸಿ, ನೀರಿಗೆ ಬಿದ್ದಂತೆ ಕರಗಿಹೋಯಿತು.

ಆಮೇಲೆ ಉಸ್ತಾದ್ ತಮ್ಮ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು. ಕದ್ದು ತಿಂದ ಸಿಹಿಯನ್ನು ಬಾಯಿಂದ ಹೊರತೆಗೆದವರ ಹಾಗಿತ್ತು ಅವರ ಮುಖ.

"ಇದು ಮನೇಲಿ ಇಟ್ಕೊಂಡಿದ್ದು. ಬೇಸಿಗೆಯಲ್ಲಿ ಕೊಂಡಿದ್ದು. ಇದನ್ನ ಕೈಯಾರೆ ಸಿದ್ಧ ಮಾಡೋಕೆ ಕೂತೆ, ಆಗಲಿಲ್ಲ. ಕಣ್ಣು ಮೊದಲಿನ ಹಾಗಿಲ್ಲ, ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡ್ತಿತ್ತು." ದನಿ ತಗ್ಗಿತು. "ಕೊನೆಗೆ ಬಾಗಿಲು ಹಾಕ್ಕೊಂಡು ಅಣಿ ಅಂತ ಟೈಪ್ ಮಾಡಿದೆ."

"ಆಮೇಲೆ?"

"'ಎಲ್ಲ ಅಣಿಯಾಗಿದೆ, ಕೂತ್ಕೊಳ್ಳಿ' ಅಂತು. ಕೂತ್ಕೊಂಡೆ. ನನ್ನ ಹೆಂಡತಿ ಬಿಟ್ರೆ ನನಗೆ ಅಷ್ಟು ಮರ್ಯಾದೆಯಿಂದ ಯಾರೂ ಹೇಳಿರಲಿಲ್ಲ ಮೇಡಂ. ಹುಡುಗಿಗೆ ಹೇಳ್ಬೇಡಿ."

ಚಿಕ್ಕಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಇನ್ನೊಂದು ಯೋಚನೆ ಹೊಳೆದು ನಗು ನಿಂತಿತು. ಅದೇ ಹೊತ್ತಿಗೆ ಉಸ್ತಾದರಿಗೂ ಹೊಳೆದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದೇ ಕೋಡು. ಈ ಸಲ ಬೇಸಿಗೆಯಲ್ಲಿ ಅಣಿಯೇ ಸಿದ್ಧ ಮಾಡಿಕೊಟ್ಟಿದ್ದ ಲ್ಯಾಪ್‌ಟಾಪು. ಬೋರ್ಡಿಗೆ ತುಂಬಿ, ಸ್ವಿಚ್ಚು ಒತ್ತಿದರು. ಹಳದಿ ದೀಪ. ಸೊಳ್ಳೆಯ ಸೈರನ್.

ಸೇತುವೆ ಏಳಲಿಲ್ಲ.

"ಅಣಿ ತಪ್ಪು ಮಾಡಿಲ್ಲ," ಉಸ್ತಾದ್ ಕುರ್ಚಿಗೆ ಕುಸಿದರು. "ಬೇಸಿಗೆಯಲ್ಲಿ ಒಳ್ಳೆಯ ಕಂಪೈಲರನ್ನೇ ತಂದಿದೆ. ಆಮೇಲೆ ಯಾರೋ ಸರ್ವರಿನಲ್ಲಿ ಅದನ್ನ ಬದಲಾಯಿಸಿದ್ದಾರೆ. ಹೊಸ ಯಂತ್ರ ಬಂದದ್ದು ಆಮೇಲೆ. ಆದ್ರೆ ಅದೂ ಆಗಬಾರದಲ್ಲ! ತಂದ ಸರಕಿನ ಬೆರಳಚ್ಚು ನೋಡದೆ ಅಣಿ ಒಳಗೇ ಬಿಟ್ಟುಕೊಳ್ಳಲ್ಲ. ಒಂದು ಚುಕ್ಕೆ ಬದಲಾದರೂ ಆ ಬೆರಳಚ್ಚಿನ ಸಂಖ್ಯೆ ಬದಲಾಗುತ್ತೆ. ತಾಳೆ ಆಗದಿದ್ರೆ ಅಲ್ಲೇ ನಿಂತು ಬೊಬ್ಬೆ ಹೊಡೆಯೋ ಹಾಗೆ ಬರೆದಿದ್ದಾಳೆ."

"ಅಣಿಯ ಹತ್ತಿರ ಇರೋ ಸಂಖ್ಯೆಯನ್ನೇ ಬದಲಾಯಿಸಿದ್ರೆ?"

ಉಸ್ತಾದ್ ಹೊಸ ಕಂಪ್ಯೂಟರಿಗೆ ಹೋಗಿ, ಅಣಿಯಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದನ್ನು ತೆರೆದರು. ಒಂದೇ ಒಂದು ಸಾಲು ಬದಲಾಗಿತ್ತು. ಹಳೆಯ ಬೆರಳಚ್ಚು ಅಳಿಸಿ ಹೊಸದು ಬರೆದಿತ್ತು. ಪಕ್ಕದಲ್ಲಿ ಹುಡುಗಿಯ ಲಾಗಿನ್. ಅದರ ಮುಂದೆ ತಾರೀಖು.

ತಾರೀಖು ನೋಡಿ ಚಿಕ್ಕಮ್ಮನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಅವತ್ತು ನನ್ನ ಅಕ್ಕನಿಗೆ ಆಪರೇಶನ್. ಹುಡುಗಿ ಇಡೀ ದಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ಫೋನು ಕೂಡ ಆಫ್ ಮಾಡಿದ್ದಳು. ಇದಕ್ಕೆ ನಾನೇ ಸಾಕ್ಷಿ."

ಆ ದಿನ ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು. ಡೆಟಾಲ್ ವಾಸನೆಯ ಉದ್ದ ಕಾರಿಡಾರು. ಚಕ್ರದ ಮಂಚಗಳು ತೇಲಿದಂತೆ ಬಂದು ಹೋಗುತ್ತಿದ್ದದ್ದು. ಹುಡುಗಿ ಅವಳ ಭುಜಕ್ಕೆ ಒರಗಿ ಜೊಂಪು ಹತ್ತಿದ್ದು. ಮಧ್ಯಾಹ್ನ ತನ್ನ ಗಂಡ ಬಂದು ಚಹಾದ ಫ್ಲಾಸ್ಕು ಕೊಟ್ಟು, ಇಷ್ಟು ಭಾರ ಯಾಕೆ ಹೊತ್ಕೊಂಡು ಕೂತಿದ್ದೀಯ ಪುಟ್ಟಾ ಎಂದು ಹುಡುಗಿಯ ಚೀಲ ಮನೆಗೆ ಒಯ್ದದ್ದು. ಸಂಜೆ ಬಾಗಿಲು ತೆರೆದು ಡಾಕ್ಟರು ಮುಗುಳ್ನಕ್ಕದ್ದು.

"ಅಂದ್ರೆ ಅವಳ ಹೆಸರಲ್ಲಿ ಬೇರೆ ಯಾರೋ," ಎಂದರು ಉಸ್ತಾದ್. "ಕೆಟ್ಟ ಕಂಪೈಲರ್ ಬರೆದುಕೊಟ್ಟವರು ಯಾರೇ ಇರಲಿ, ಅದನ್ನ ಅಲ್ಲಿ ಇಡೋಕೆ ಅವಳ ಲಾಗಿನ್ ಸಿಕ್ಕರೆ ಸಾಕು. ಈಗ ಒಂದು ಖಾಲಿ ಕಂಪ್ಯೂಟರಿನಲ್ಲಿ ನಿಮ್ಮ ಕಣ್ಣೆದುರಿಗೇ ಅಣಿ ಓಡಿಸ್ತೀನಿ. ಸರ್ವರಿನಿಂದ ಕೆಟ್ಟ ಕಂಪೈಲರ್ ಬರುತ್ತೆ. ಅದನ್ನ ಹಾಗೇ ತಗೊಂಡು ಹೋಗಿ ಮೇಲಿನವರ ಮುಂದೆ ಇಡಿ. ಹುಡುಗಿಯ ಮೇಲಿನ ಆಪಾದನೆ ಅಲ್ಲಿಗೆ ಮುಗೀತು."

ಕಪಾಟಿನಿಂದ ಖಾಲಿ ಕಂಪ್ಯೂಟರ್ ಬಂತು. ಉಸ್ತಾದ್ ಎರಡೇ ಬೆರಳಲ್ಲಿ ಆ ಪದ ಟೈಪ್ ಮಾಡಿದರು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ತರುತ್ತಿದ್ದೇನೆ, ತಂದೆ, ಬೆರಳಚ್ಚು ನೋಡುತ್ತಿದ್ದೇನೆ, ಸರಿಯಿದೆ, ಜೋಡಿಸುತ್ತಿದ್ದೇನೆ. ಹುಡುಗಿ ಪಕ್ಕದಲ್ಲೇ ಕೂತು ಮೆಲುದನಿಯಲ್ಲಿ ಹೇಳುತ್ತಿದ್ದಾಳೆ ಅನ್ನಿಸಿತು ಚಿಕ್ಕಮ್ಮನಿಗೆ.

ಎಲ್ಲ ಅಣಿಯಾಗಿದೆ, ಕೂತ್ಕೊಳ್ಳಿ.

ಅವರು ಕೂರಲಿಲ್ಲ. ಪ್ರೋಗ್ರಾಂ ಬಿಲ್ಡ್ ಮಾಡಿ, ಬೋರ್ಡಿಗೆ ತುಂಬಿ, ಮಂಜಿನ ಸ್ವಿಚ್ಚು ಒತ್ತಿದರು.

ಸೇತುವೆ ಅಲುಗಾಡಲಿಲ್ಲ. ಮತ್ತೆ ಒತ್ತಿದರು. ಅಲುಗಾಡಲಿಲ್ಲ.

ಉಸ್ತಾದ್ ಸರ್ವರಿನ ಮಾಹಿತಿ ತೆರೆದು ನೋಡಿದರು. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. "ಕಂಪೈಲರನ್ನ ವಾಪಸ್ ಒಳ್ಳೆಯದಕ್ಕೆ ಬದಲಾಯಿಸಿದ್ದಾರೆ. ಬೆರಳಚ್ಚನ್ನೂ. ಇವತ್ತೇ, ಸ್ವಲ್ಪ ಹೊತ್ತಿನ ಮುಂಚೆ. ನಾನು ಆ ಸಾಲು ತೋರಿಸಿದೆನಲ್ಲ, ಅದಾದ ಮೇಲೆ!"

"ನಾವು ಇಲ್ಲಿರೋದು ಯಾರಿಗೆ ಗೊತ್ತು?"

"ನೀವು ಬಂದಾಗಿನಿಂದ ನಾನು ನಿಮ್ಮ ಕಣ್ಣೆದುರಿಗೇ ಇದ್ದೀನಿ. ಇನ್ನು ಕೆಟ್ಟದ್ದು ಉಳಿದಿರೋದು ಈ ಹೊಸ ಯಂತ್ರದೊಳಗೆ ಮಾತ್ರ. ಅದನ್ನ ನಾನೇ ತಂದಿಟ್ಟೆ ಅಂತಾರೆ ಈಗ..." ಅವರ ಮಾತು ಅರ್ಧಕ್ಕೇ ನಿಂತಿತು. "ಅಯ್ಯೋ ದೇವರೇ."

"ಏನು?"

"ರಿಪೇರಿ ಆಯ್ತು ಅಂತ ನಿನ್ನೆ ಸೇತುವೆ ಮತ್ತೆ ತೆರೆದ್ರಲ್ಲ. ಆ ಪ್ರೋಗ್ರಾಂ ಬಿಲ್ಡ್ ಮಾಡಿದ್ದೂ ಈ ಹೊಸ ಯಂತ್ರದಲ್ಲೇ."

ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಬಿಳುಪು ಬಿಟ್ಟು ಅಲ್ಲಿ ಇನ್ನೇನೂ ಇರಲಿಲ್ಲ.

"ಗೇಟಿಗೆ ಬೀಗ ಹಾಕಿಸಿ. ಓಡಿ!" ಎಂದಳು ಚಿಕ್ಕಮ್ಮ. ಉಸ್ತಾದ್ ಕನ್ನಡಕವನ್ನೂ ಮರೆತು ಮೆಟ್ಟಿಲಿಳಿದು ಓಡಿದರು. ಮರದ ಮೆಟ್ಟಿಲಿನ ಸದ್ದು ದೂರವಾಗಿ, ಮಂಜು ಅದನ್ನೂ ನುಂಗಿತು.

ಅವಳು ಒಬ್ಬಳೇ ಉಳಿದಳು. ಇವತ್ತಿನ ಕೆಲಸದ ವಿಷಯ ಅವಳು ಹೇಳಿದ್ದು ಒಬ್ಬರಿಗೇ. ಹೇಳದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಫೋನು ಕೈಗೆತ್ತಿಕೊಂಡು, ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು.

ಹುಡುಗಿ ಮೊದಲ ರಿಂಗಿಗೇ ಎತ್ತಿದಳು.

"ಚಿಕ್ಕಮ್ಮ, ಕೋಪ ಮಾಡ್ಕೋಬೇಡಿ. ಬದಲಾಯಿಸಿದ್ದು ನಾನೇ."

"ಯಾವುದನ್ನ?"

"ಇವತ್ತಿನದನ್ನ. ನನ್ನ ಲಾಗಿನ್ ಮುಚ್ಚೋಕೆ ಅವರಿಗೆ ನೆನಪೇ ಆಗಿಲ್ಲ. ಒಳಗೆ ಹೋಗಿ ನೋಡಿದ್ರೆ ಕೆಟ್ಟ ಕಂಪೈಲರ್ ಅಲ್ಲೇ ಕೂತಿತ್ತು. ಇವತ್ತು ಮಧ್ಯಾಹ್ನ ಇನ್ನೊಂದು ಆಫೀಸಿನವರು ಅಣಿ ಓಡಿಸಿ ಬೇರೆ ಸೇತುವೆಗಳಿಗೆ ಪ್ರೋಗ್ರಾಂ ಕಳಿಸೋರಿದ್ದಾರೆ. ಇನ್ನೊಬ್ಬರು ಬೀಳೋದು ನನಗೆ ಬೇಡ."

"ಪುಟ್ಟಾ, ಅದು ನಿನ್ನನ್ನ ಉಳಿಸೋ ಸಾಕ್ಷಿಯಾಗಿತ್ತು!"

"ಗೊತ್ತಿತ್ತು."

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಅಕ್ಕನ ಮನೆಯ ಹಜಾರ ಕಂಡಿತು. ಕಿಟಕಿಯ ಪಕ್ಕದ ಆರಾಮಕುರ್ಚಿ, ಅಕ್ಕನ ಕಾಲ ಮೇಲಿನ ನೀಲಿ ಶಾಲು. ಫೋನಿನಾಚೆ ಯಾರೋ ಪೇಪರ್ ಓದಿ ಹೇಳುತ್ತಿದ್ದರು. ಅಕ್ಕ ನಗುತ್ತಿದ್ದಳು.

"ಚಿಕ್ಕಮ್ಮ, ಇನ್ನೊಂದು ಮಾತು." ಹುಡುಗಿಯ ದನಿ ಪಿಸುಮಾತಾಯಿತು. ಬಾಗಿಲು ಎಳೆದುಕೊಂಡ ಸದ್ದಾಯಿತು. "ಆಪರೇಶನ್ ದಿನದ ಆ ಬದಲಾವಣೆ ಎಲ್ಲಿಂದ ಬಂತು ಅಂತ ನೋಡಿದೆ. ಅವತ್ತು ಚೀಲದಲ್ಲಿದ್ದ ನನ್ನ ಲ್ಯಾಪ್‌ಟಾಪಿನಿಂದಲೇ. ನಿಮ್ಮ ಮನೆಯ ವೈಫೈಯಿಂದ."

"ನಮ್ಮ ಮನೆ..."

"ಪಾಸ್‌ವರ್ಡ್ ಯಾರೂ ಮುರಿದಿಲ್ಲ. ಅದು ನನ್ನ ಚಿಕ್ಕಂದಿನ ಅಡ್ಡಹೆಸರು. ನಿಮಗೂ ಅಮ್ಮನಿಗೂ ಗೊತ್ತು. ಆ ಹೆಸರು ಇಟ್ಟವರಿಗೆ ಗೊತ್ತು."

ಚಿಕ್ಕಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಬಂದರಿಗೆ ಬರುವ ಹಡಗುಗಳಿಗೆ ಜೀವಮಾನವಿಡೀ ದಾರಿ ತೋರಿಸಿ, ಹೋದ ವರ್ಷ ನಿವೃತ್ತನಾದ ಅವಳ ಗಂಡ. ಮಂಜಿನಲ್ಲಿ ಕಣ್ಣು ಮುಚ್ಚಿಕೊಂಡೂ ಕಾಲುವೆಯ ತಿರುವು ಹೇಳಬಲ್ಲವನು. ಹುಡುಗಿ ತೊದಲು ಮಾತಾಡುವಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಹೆಸರು ಕೂಗಿದವನು.

"ಈಗ ಎಲ್ಲಿದ್ದಾರೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಇಲ್ಲೇ ಇದ್ದಾರೆ ಚಿಕ್ಕಮ್ಮ. ಅಮ್ಮನಿಗೆ ಪೇಪರ್ ಓದ್ತಾ ಇದ್ರು." ಒಂದು ಕ್ಷಣ ಏನೂ ಕೇಳಿಸಲಿಲ್ಲ. "ಈಗ ಓದ್ತಾ ಇಲ್ಲ."

ಬಾಗಿಲು ತೆರೆದ ಸದ್ದು. ಫೋನು ಕೈ ಬದಲಾದ ಸದ್ದು. ಮತ್ತೆ ಅದೇ ದನಿ, ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಅವಳನ್ನು ಎಬ್ಬಿಸುವ, ಬೆಚ್ಚಗಿನ, ಯಾವ ಅವಸರವೂ ಇಲ್ಲದ ದನಿ.

"ಮಂಜು ಜಾಸ್ತಿಯಾಗ್ತಾ ಇದೆ ಕಣೇ. ಸೇತುವೆ ಮೇಲಿಂದ ಬರಬೇಡ. ತಡವಾದ್ರೂ ಪರವಾಗಿಲ್ಲ, ಸುತ್ತಿ ಬಳಸಿ ಬಾ."